ಸರ್ವಮಂಗಳಮ್ಮನವರ ತಂತಿಗೆ ದಿನಕ್ಕೊಂದು ಅಡ್ಡಿ

ಮಧುಗಿರಿಯ ಕೋಟೆ ಬೆಟ್ಟದ ಬುಡದಲ್ಲಿರುವ ಆ ಮನೆಯನ್ನು ಊರಿನವರು ದೊಡ್ಡಮನೆ ಎಂದು ಕರೆಯುತ್ತಾರೆ. ಅಳತೆಯ ಮಟ್ಟಿಗೆ ಇದು ಸತ್ಯ. ಉಳಿದ ವಿಷಯಗಳ ಮಟ್ಟಿಗೆ ಪರಿಶೀಲನೆಗೆ ಒಳಪಡಬೇಕಾದ ಹೇಳಿಕೆ. ಹದಿನೆಂಟು ಅಂಕಣದ ಮನೆ, ಮೊಳಕ್ಕೂ ಮಿಗಿಲಾದ ದಪ್ಪದ ಕಲ್ಲಿನ ಗೋಡೆಗಳು, ಬೀದಿಬಾಗಿಲಲ್ಲಿ ಕೂಗಿದರೆ ಹಿತ್ತಲಿಗೆ ಕೇಳಿಸದಷ್ಟು ಉದ್ದ. ಮೂವರು ಅಣ್ಣತಮ್ಮಂದಿರು ವಿಭಾಗ ಮಾಡಿಕೊಂಡಾಗ ಈ ಉದ್ದವನ್ನು ಸೌತೆಕಾಯಿಯಂತೆ ಅಡ್ಡಕ್ಕೆ ಕೊಯ್ದು ಹಂಚಿಕೊಂಡರು. ಪಡಸಾಲೆ ಮತ್ತು ಮುಂಭಾಗ ಹಿರಿಯರಾದ ನಾಗಲಿಂಗಯ್ಯನವರಿಗೆ. ಇವರು ನ್ಯಾಯಾಲಯದ ಶಿರಸ್ತೇದಾರರಾಗಿ ನಿವೃತ್ತರಾದವರು. ನಡುಮನೆ ಎರಡನೆಯವರಾದ ರೇಣುಕಯ್ಯನವರಿಗೆ. ಇವರದು ಶಿರಾ ಕಡೆಯಿಂದ ಕಡಲೆಕಾಯಿ ತರಿಸಿ ಮಾರುವ ವ್ಯಾಪಾರ. ಹಿಂಭಾಗ ಕಿರಿಯವರಾದ ಸಿದ್ದಗಂಗಯ್ಯನವರಿಗೆ. ಸಿದ್ದಗಂಗಯ್ಯನವರು ತಮ್ಮ ಪಾಲನ್ನು ಹೆಚ್ಚು ಕಾಲ ಅನುಭವಿಸದೆ ತೀರಿಕೊಂಡರು. ಮಕ್ಕಳಿರಲಿಲ್ಲ. ಹಿಂಭಾಗದಲ್ಲಿ ಈಗ ಇರುವವರು ಅವರ ಪತ್ನಿ ಸರ್ವಮಂಗಳಮ್ಮನವರು. ಈ ವೃತ್ತಾಂತ ಅವರದು.

ಸರ್ವಮಂಗಳಮ್ಮನವರು ಹುಟ್ಟಿದ್ದು ಪಟ್ಟನಾಯಕನಹಳ್ಳಿಯಲ್ಲಿ. ಬುಕ್ಕಾಪಟ್ಟಣ, ತಾವರೆಕೆರೆ, ಕೊನೆಗೆ ಕೊರಟಗೆರೆ, ಹೀಗೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅವರು ಸೇವೆ ಸಲ್ಲಿಸಿದರು. ಎಲ್ಲ ಊರಿನಲ್ಲೂ ಅವರಿಗೆ ಸಿಕ್ಕಿದ್ದು ಒಂದನೆಯ ತರಗತಿ. ಇದು ಅವರ ವಿಶೇಷ ಸಾಮರ್ಥ್ಯವನ್ನು ಗುರುತಿಸಿ ಮಾಡಿದ ಏರ್ಪಾಡು ಎಂದು ಮುಖ್ಯೋಪಾಧ್ಯಾಯರುಗಳು ಹೇಳುತ್ತಿದ್ದರು. ಮೂಗು ಸುರಿಸುವ, ಅಮ್ಮನನ್ನು ನೆನೆದು ಗೋಳೋ ಎನ್ನುವ, ಬಳಪವನ್ನು ತಿನ್ನುವ ಮಕ್ಕಳನ್ನು ಬೇರೆ ಯಾವ ಉಪಾಧ್ಯಾಯರೂ ಒಪ್ಪುತ್ತಿರಲಿಲ್ಲ ಎಂಬುದು ಆ ಹೇಳಿಕೆಯಲ್ಲಿ ಸೇರಿರಲಿಲ್ಲ. ಸರ್ವಮಂಗಳಮ್ಮನವರು ತಕರಾರು ಮಾಡಲಿಲ್ಲ. ಎಳೆಯ ಬಾಯಿಗಳನ್ನು ತೆರೆಸಿ ‘ಅ’ ಹೇಳಿಸುವುದು ಅವರಿಗೆ ಕರಗತವಾಯಿತು. ನಿವೃತ್ತಿಯ ದಿನ ಶಾಲು ಹೊದಿಸಿ, ‘ಆದರ್ಶ ಶಿಕ್ಷಕಿ’ ಎಂದು ಭಾಷಣ ಮಾಡಿ, ಶಾಲೆಯ ಬೀಗದ ಕೈಯನ್ನು ನೆನಪಿನಿಂದ ಹಿಂದಕ್ಕೆ ಪಡೆದುಕೊಂಡರು.

ಅವರಿಗೆ ಒಬ್ಬಳೇ ತಂಗಿ, ಈಶ್ವರಮ್ಮ. ಕೊಟ್ಟದ್ದು ಪಾವಗಡಕ್ಕೆ. ಈ ಈಶ್ವರಮ್ಮ ಬಾಯಿ ಮುಚ್ಚಿದ್ದನ್ನು ನಿದ್ರೆಯ ಹೊರತು ಯಾರೂ ಕಂಡವರಿಲ್ಲ. ಕನ್ನಡದಲ್ಲಿ ಆರಂಭಿಸಿದ ಮಾತನ್ನು ತೆಲುಗಿನಲ್ಲಿ ಮುಗಿಸಿ, ಎರಡೂ ಬಾರದವರನ್ನೂ ನಗಿಸುವ ಹೆಂಗಸು. ಕಳೆದ ವರ್ಷ ಆಕೆಗೆ ಲಕ್ವ ಹೊಡೆಯಿತು. ಕೈಕಾಲು ಅಷ್ಟಿಷ್ಟು ಸರಿಹೋದವು. ಮಾತು ಮಾತ್ರ ಹೋಯಿತು. ವೈದ್ಯರು ಹೇಳಿದ್ದು ಸ್ಪಷ್ಟವಾಗಿತ್ತು: ದಿನವೂ ಯಾರಾದರೂ ಎದುರಿಗೆ ಕುಳಿತು, ತುಟಿ ಕಾಣುವಂತೆ, ಒಂದೊಂದೇ ಅಕ್ಷರ ಹೇಳಿಸಬೇಕು; ಬಿಟ್ಟರೆ ಬರುವ ಮಾತೂ ಬಾರದು. ಹೀಗೆ ಹೇಳಿಸಬಲ್ಲವರು ಆ ಬಂಧುವರ್ಗದಲ್ಲಿ ಒಬ್ಬರೇ ಇದ್ದರು, ಅವರು ಮಧುಗಿರಿಯಲ್ಲಿದ್ದರು. ಮಂಡಿನೋವಿನಿಂದ ದಿನವೂ ಬಸ್ಸು ಹತ್ತಲಾರರು. ಆದುದರಿಂದ ಪಾಠ ಮೊಬೈಲಿನಲ್ಲಿ, ಮುಖ ಕಾಣುವ ವಿಡಿಯೊ ಕರೆಯಲ್ಲಿ ನಡೆಯಬೇಕಾಯಿತು. ಈಶ್ವರಮ್ಮನ ಸೊಸೆ ಲೋಹಿತಾ ಅಂಗನವಾಡಿ ಕಾರ್ಯಕರ್ತೆ. ಆಕೆ ಕೆಲಸ ಮುಗಿಸಿ ಮನೆಗೆ ಬಂದು, ಅತ್ತೆಯನ್ನು ಕೂರಿಸಿ, ಮೊಬೈಲ್ ಹಿಡಿಯುವ ಹೊತ್ತು ಒಂದೇ: ಸಂಜೆ, ದೀಪ ಹಚ್ಚುವ ಹೊತ್ತು.

ಇಲ್ಲಿ ಮಧುಗಿರಿಯ ಬೆಟ್ಟವನ್ನು ಪ್ರಸ್ತಾಪಿಸಬೇಕು. ಆ ಏಕಶಿಲೆ ಏಷ್ಯಾದಲ್ಲಿ ಎಷ್ಟನೆಯದೆಂದು ವಾದಿಸುವವರು ವಾದಿಸಲಿ. ದೊಡ್ಡಮನೆಯ ಹಿಂಭಾಗಕ್ಕೆ ಮೊಬೈಲ್ ಸಿಗ್ನಲ್ ಬಾರದಂತೆ ತಡೆಯುವುದರಲ್ಲಿ ಅದು ಪ್ರಥಮ ಸ್ಥಾನದಲ್ಲಿದೆ. ಬೆಟ್ಟ ಬಿಟ್ಟದ್ದನ್ನು ಮನೆಯ ಗೋಡೆ ತಡೆಯುತ್ತಿತ್ತು. ಸರ್ವಮಂಗಳಮ್ಮನವರು ಮಂಡಿ ಹಿಡಿದುಕೊಂಡು ತಾರಸಿ ಹತ್ತಿ ಪಾಠ ಹೇಳುತ್ತಿದ್ದರು. ಕೋತಿಗಳು ಬಂದು ಮೊಬೈಲಿನ ಮೇಲೆ ಕಣ್ಣಿಟ್ಟ ಮೇಲೆ, ಕೇಬಲ್ ಮತ್ತು ಇಂಟರ್ನೆಟ್ ಕೆಲಸ ಮಾಡುವ ರಂಗರಾಜುವನ್ನು ಕರೆಸಿದರು.

ದೊಡ್ಡಮನೆಗೆ ಇಂಟರ್ನೆಟ್ ಸಂಪರ್ಕ ಆಗಲೇ ಇತ್ತು. ಅದು ಪಡಸಾಲೆಯಲ್ಲಿ ಬಂದು, ಪಡಸಾಲೆಯಲ್ಲಿಯೇ ನಿಲ್ಲುತ್ತಿತ್ತು.

“ಮೇಷ್ಟ್ರಮ್ಮ, ಇದಕ್ಕೆ ಮೆಶ್ ಅಂತ ಬಂದೈತೆ,” ಎಂದ ರಂಗರಾಜು. “ಮೂರು ಡಬ್ಬಿ ಸೆಟ್ಟು. ಮುಂದೊಂದು, ನಡುವೊಂದು, ನಿಮ್ತಾವ ಒಂದು. ಒಂದಕ್ಕೊಂದು ಮಾತಾಡ್ಕಂಡು ಮನೆಗೆಲ್ಲ ವೈಫೈ ಹಂಚ್ತವೆ.”

“ಈ ಮನೇಲಿ ಮುಂದಿನೋರು, ನಡುವಿನೋರು, ಹಿಂದಿನೋರು ಮಾತಾಡಿ ಎಷ್ಟೋ ವರ್ಷ ಆಯ್ತು ಕಣಪ್ಪ. ನಿನ್ನ ಡಬ್ಬಿ ಮಾತಾಡ್ತವಾ?”

“ಅವಕ್ಕೇನು ಮೇಷ್ಟ್ರಮ್ಮ, ಆಸ್ತಿ ಐತಾ ಪಾಸ್ತಿ ಐತಾ?”

ರಂಗರಾಜುವಿನ ಈ ಅಭಿಪ್ರಾಯ ತಪ್ಪೆಂದು ಸಾಬೀತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಸರ್ವಮಂಗಳಮ್ಮನವರು ತಮ್ಮ ಪಿಂಚಣಿಯಿಂದ ತರಿಸಿದ ಆ ಮೂರು ಡಬ್ಬಿಗಳು ಮನೆಯೊಳಗೆ ಬಂದ ಕೂಡಲೇ ಮೂರು ಪಾಲುಗಳಾದವು. ಕೊಂಡವರು ಯಾರು ಎಂಬ ಪ್ರಶ್ನೆ ಯಾರ ಮನಸ್ಸನ್ನೂ ಬಾಧಿಸಲಿಲ್ಲ. ನಾಗಲಿಂಗಯ್ಯನವರು ಹಿರಿಯ ಪಾಲಿನ ಡಬ್ಬಿ ಯಾವುದೆಂದು ವಿಚಾರಿಸಿ, ಮುಖ್ಯ ಡಬ್ಬಿ ತಮ್ಮ ಕಡೆಗೇ ಬರುತ್ತದೆಂದು ಖಚಿತಪಡಿಸಿಕೊಂಡು, ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ರೇಣುಕಯ್ಯನವರು ತಮ್ಮದನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಕಡಲೆಕಾಯಿ ಮೂಟೆಗಳ ಹಿಂದೆ, ಕಣ್ಣಿಗೆ ಬೀಳದಂತೆ ಇರಿಸಿದರು. ಹಿಂಭಾಗದ ಡಬ್ಬಿ ಏಕಾಂಗಿಯಾಗಿ ಕೆಂಪು ದೀಪ ಮಿನುಗಿಸುತ್ತ ಕುಳಿತಿತ್ತು.

“ಬುದ್ಧಿ, ಬೀರು ಒಳಗಿಟ್ರೆ ಹೆಂಗೆ ಬುದ್ಧಿ? ಗಾಳಿಗೆ ಇಡ್ಬೇಕು,” ಎಂದು ರಂಗರಾಜು ಬೇಡಿಕೊಂಡ.

“ಬೆಲೆಬಾಳುವ ವಸ್ತುವನ್ನು ಗಾಳಿಗೆ ಇಡುವ ಪದ್ಧತಿ ನಮ್ಮಲ್ಲಿಲ್ಲ,” ಎಂದರು ನಾಗಲಿಂಗಯ್ಯನವರು. ಅವರ ಮಾತಿನಲ್ಲಿ ಪದಗಳು ಸಾಕ್ಷಿಕಟ್ಟೆಗೆ ಬರುವಂತೆ ಒಂದೊಂದಾಗಿ ಬರುತ್ತಿದ್ದವು.

ಅವರ ಪತ್ನಿ ಕಮಲಾಕ್ಷಮ್ಮನವರು ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು: “ಬೀರಿನೊಳಗೆ ಇಟ್ಕಂಡು ಏನ್ ಮಾಡ್ತೀರಿ, ನಿಮ್ ಪಂಚೆಗೆ ವೈಫೈ ಕೊಡ್ತೀರಾ? ತೆಗೀರಿ ಆಚೆಗೆ.”

ಡಬ್ಬಿ ಹೊರಬಂದು ಪಡಸಾಲೆಯ ಗೋಡೆಗೂಡಿನಲ್ಲಿ ಕುಳಿತಿತು. ರೇಣುಕಯ್ಯನವರದು ಮೂಟೆಗಳ ಮೇಲಕ್ಕೆ ಬಂದಿತು. ತೆರೆದ ಬಾಗಿಲ ಮೂಲಕ ಅದಕ್ಕೆ ಪಡಸಾಲೆಯ ಡಬ್ಬಿಯೊಡನೆ ಸಂಬಂಧ ಏರ್ಪಟ್ಟಿತು. ಆದರೆ ಹಿಂಭಾಗದ ಕಲ್ಲುಗೋಡೆಯನ್ನು ದಾಟಿ ಹೋಗಲು ಯಾವ ಡಬ್ಬಿಗೂ ಶಕ್ತಿಯಿರಲಿಲ್ಲ.

“ಇನ್ ಗಾಳೀಲಿ ಆಗಲ್ಲ ಕಣಮ್ಮ. ತಂತೀನೇ ಎಳೀಬೇಕು,” ಎಂದ ರಂಗರಾಜು. “ಮುಂದಿನ ಡಬ್ಬಿಯಿಂದ ನಿಮ್ ಡಬ್ಬಿಗೆ ನೇರವಾಗಿ ಒಂದು ಕೇಬಲ್ಲು. ಗೋಡೆ ತೂತು ಮಾಡಂಗಿಲ್ಲ. ಬಾಗಿಲ ಮೇಲೆ ಗವಾಕ್ಷಿ ಐತಲ್ಲ, ಅದರಾಗೇ ತೂರಿಸ್ಕಂಡು ಹೋಗ್ತೀನಿ.”

ಅಂದರೆ ತಂತಿ ನಾಗಲಿಂಗಯ್ಯನವರ ಪಾಲಿನಲ್ಲಿ ಹುಟ್ಟಿ, ರೇಣುಕಯ್ಯನವರ ಪಾಲಿನಲ್ಲಿ ಹಾದು, ಸರ್ವಮಂಗಳಮ್ಮನವರ ಪಾಲಿನಲ್ಲಿ ಕೊನೆಗೊಳ್ಳಬೇಕು. ವಿಭಾಗವಾದಂದಿನಿಂದ ಆ ಮನೆಯಲ್ಲಿ ಮೂರೂ ಪಾಲುಗಳನ್ನು ಹಾದುಹೋಗುವ ಧೈರ್ಯ ಮಾಡಿದ್ದುದು ಒಂದು ಬೆಕ್ಕು ಮಾತ್ರ.

ರೇಣುಕಯ್ಯನವರು ಕೂಡಲೇ ಒಪ್ಪಿದರು. “ಎಳ್ಕಳ್ಳಿ, ನನ್ ಮೂಟೆ ಮುಟ್ಟಂಗಿಲ್ಲ ಅಷ್ಟೇಯ. ತಂತಿ ಕಡಿಯಾಕೆ ಇಲಿ ಬಂದು, ತಂತಿ ಬುಟ್ಟು ಕಾಯಿ ತಿಂದ್ರೆ ಯಾರು ಜವಾಬ್ದಾರಿ?” ಎಂದಷ್ಟೇ ಕೇಳಿದರು. ಇಲಿಗಳು ಅವರ ಮೂಟೆಗಳಲ್ಲಿ ಕುಟುಂಬ ಸಮೇತ ವಾಸವಾಗಿರುವುದನ್ನು ಯಾರೂ ಆ ಸಂದರ್ಭದಲ್ಲಿ ಎತ್ತಲಿಲ್ಲ.

ನಾಗಲಿಂಗಯ್ಯನವರು ಆಲೋಚಿಸಲು ಕಾಲಾವಕಾಶ ಕೇಳಿದರು. ಬೆಳಗಿನ ಕಾಫಿಯ ಮೇಲೆ ಆಲೋಚಿಸಿದರು, ಮಧ್ಯಾಹ್ನದ ಮಜ್ಜಿಗೆಯ ಮೇಲೆ ಆಲೋಚಿಸಿದರು. ಕೆಲವು ದಿನಗಳ ನಂತರ ರಂಗರಾಜುವನ್ನು ಕರೆದು, “ಎಳೆಯಬಹುದು. ನನ್ನ ಅಭ್ಯಂತರವಿಲ್ಲ,” ಎಂದುಬಿಟ್ಟರು. ಭಾವನವರಿಗೆ ವಯಸ್ಸಾದ ಮೇಲೆ ಮನಸ್ಸು ಮೃದುವಾಗಿದೆ ಎಂದು ಸರ್ವಮಂಗಳಮ್ಮನವರು ತಿಳಿದರು. ಒಂದನೆಯ ತರಗತಿಯ ಮಕ್ಕಳೊಡನೆ ಬಾಳಿದವರಿಗೆ ದೊಡ್ಡವರ ಬಗ್ಗೆ ಇಂಥ ತಪ್ಪು ಅಂದಾಜುಗಳು ಆಗುವುದುಂಟು.

ತಂತಿ ಎಳೆದದ್ದಾಯಿತು. ಮೊದಲ ದಿನ ಕೆಂಪು ದೀಪ ಕೆಂಪಾಗಿಯೇ ಉಳಿಯಿತು. ತಂತಿಯ ತುದಿಗೆ ಪಿನ್ನು ಕೂರಿಸುವಾಗ ಒಳಗಿನ ಬಣ್ಣದ ಎಳೆಗಳನ್ನು ರಂಗರಾಜು ಅದಲುಬದಲು ಮಾಡಿದ್ದ. “ಹಸಿರು, ಕಿತ್ತಳೆ ಎರಡೂ ಒಂದೇ ತರ ಕಾಣ್ತವೆ ಬುಡಿ ಈ ಕತ್ತಲೇಲಿ,” ಎಂದು ಮನೆಯ ಮೇಲೆ ತಪ್ಪು ಹೊರಿಸಿ, ತುದಿ ಕತ್ತರಿಸಿ ಹೊಸ ಪಿನ್ನು ಕೂರಿಸಿದ. ದೀಪ ಬೆಳ್ಳಗಾಯಿತು. ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು, ಕಾಲು ಚಾಚಿ, ಮೊಬೈಲನ್ನು ತಂಬಿಗೆಗೆ ಒರಗಿಸಿಟ್ಟು ಸರ್ವಮಂಗಳಮ್ಮನವರು ಪಾವಗಡಕ್ಕೆ ಕರೆ ಮಾಡಿದರು. ತಂಗಿಯ ಮುಖ ಕನ್ನಡಿಯಲ್ಲಿ ಕಂಡಂತೆ ಕಂಡಿತು.

“ದೊಡ್ಡತ್ತೆ, ಇವತ್ತು ಬಾಗ, ಬಲು ಚೆನ್ನಾಗಿ ಕಾಣಿಸ್ತೀರಿ! ಅತ್ತಮ್ಮ ಚೂಡು, ಅಕ್ಕ ಬಂದೈತೆ!” ಎಂದಳು ಲೋಹಿತಾ.

ಅಂದು ರಂಗರಾಜು ಪರೀಕ್ಷೆಗೆಂದು ಅಲ್ಲಿಯೇ ನಿಂತಿದ್ದ. ಪಾಠ ಸುಸೂತ್ರವಾಗಿ ನಡೆಯಿತು. ಮಾರನೆಯ ಸಂಜೆಯಿಂದ ವಿಚಿತ್ರ ಶುರುವಾಯಿತು. ಬೆಳಗ್ಗೆ ಚೆನ್ನಾಗಿರುವ ಸಂಪರ್ಕ, ಮಧ್ಯಾಹ್ನ ಚೆನ್ನಾಗಿರುವ ಸಂಪರ್ಕ, ಸರಿಯಾಗಿ ಪಾಠ ಆರಂಭವಾದ ಮೇಲೆ ಕಡಿದುಹೋಗುತ್ತಿತ್ತು. ದೀಪ ಕೆಂಪಾಗುವುದು, ಈಶ್ವರಮ್ಮನ ಮುಖ ಅರ್ಧ ತೆರೆದ ಬಾಯಿಯೊಡನೆ ಚಿತ್ರದಂತೆ ನಿಂತುಬಿಡುವುದು. ಮತ್ತೆ ಸಂಪರ್ಕ ಬರುವ ವೇಳೆಗೆ ಆಕೆ ದಣಿದು ಮಲಗಿರುತ್ತಿದ್ದಳು. ಎಷ್ಟು ಸಲ ಹೀಗಾಯಿತೆಂದರೆ, ತಾನು ಬಾಯಿ ತೆರೆದದ್ದರಿಂದಲೇ ಅಕ್ಕ ಮಾಯವಾಗುತ್ತಾಳೆ ಎಂದು ತಿಳಿದಳೋ ಏನೋ, ಈಶ್ವರಮ್ಮ ಬಾಯಿ ತೆರೆಯಲು ಹಿಂಜರಿಯತೊಡಗಿದಳು.

“ನಿನ್ನೆ ಮೊನ್ನೆಯಿಂದ ಅತ್ತಮ್ಮ ನಿಮ್ಮ ಫೋನ್ ನೋಡಿದ್ರೇ ಆಕಡೆ ತಿರುಗ್ತೈತೆ ದೊಡ್ಡತ್ತೆ,” ಎಂದು ಲೋಹಿತಾ ಬೆಳಗ್ಗೆ ಕರೆ ಮಾಡಿ ಹೇಳಿದಳು. “ಇಂಗೇ ಆದ್ರೆ ಬುಟ್ಟೇ ಬುಡ್ತೈತೆ. ಏಮ್ ಚೇಸೇದಿ, ಏನ್ ಮಾಡೋದು ಹೇಳಿ?”

ಸರ್ವಮಂಗಳಮ್ಮನವರು ಅಂದು ಊಟ ಮಾಡಲಿಲ್ಲ. ಶಾಲೆ ಬಿಟ್ಟು ಓಡಿಹೋಗುವ ಮಗು ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು. ಮೊದಲು ಮುಖ ತಿರುಗಿಸುತ್ತದೆ, ಆಮೇಲೆ ಬರುವುದಿಲ್ಲ.

ರಂಗರಾಜು ಮತ್ತೆ ಬಂದ. ಯಂತ್ರವೊಂದನ್ನು ತಂತಿಯ ತುದಿಗೆ ಸಿಕ್ಕಿಸಿ ನೋಡಿದ. ತಂತಿ ಸರಿಯಿತ್ತು. ರೇಣುಕಯ್ಯನವರು ಮೂಟೆಯ ಮೇಲೆ ಕುಳಿತು ಕಾಲು ಆಡಿಸುತ್ತ, “ಇಲಿ ಕಣ್ಲಾ. ನಾನು ಮೊದ್ಲೇ ಅಂದಿದ್ನಲ್ಲ,” ಎಂದರು.

“ಯಾವ ಇಲಿ ಸಾಮಿ ಅದು, ದೀಪ ಹಚ್ಚೋ ಹೊತ್ಗೆ ಬಂದು ಕಡ್ದು, ಊಟದ ಹೊತ್ಗೆ ಅಂಟಿಸಿ ಹೋಗೋದು?” ಎಂದ ರಂಗರಾಜು. “ಅಂತಾ ಇಲಿ ಇದ್ರೆ ನಾನೇ ಕೆಲಸಕ್ಕೆ ಇಟ್ಕಂತೀನಿ.”

ಕಾರಣ ತಿಳಿಯದೆ ಅವನು ಡಬ್ಬಿಯ ಮೇಲೆ, ಕಂಪನಿಯ ಮೇಲೆ, ವಿದ್ಯುತ್ತಿನ ಮೇಲೆ ಕ್ರಮವಾಗಿ ಸಂಶಯಪಟ್ಟು ಹೊರಟುಹೋದ.

ಆ ಸಂಜೆ ಸರ್ವಮಂಗಳಮ್ಮನವರು ತಂಗಿಯ ತುಟಿಯನ್ನೇ ನೋಡುತ್ತಿದ್ದರು. ‘ಮ’ ಹೇಳಿಸುವ ಪ್ರಯತ್ನ. ಈಶ್ವರಮ್ಮ ಅಕ್ಕನನ್ನು ಮಂಗಳಕ್ಕ ಎಂದು ಕರೆಯುತ್ತಿದ್ದವಳು. ಬಹಳ ಹೊತ್ತು ಹಟ ಮಾಡಿದ ಮೇಲೆ ತುಟಿಗಳು ಹತ್ತಿರ ಬಂದವು, ಒಂದನ್ನೊಂದು ಮುಟ್ಟಿದವು, ಮತ್ತು ಅಲ್ಲಿಯೇ ನಿಂತವು. ದೀಪ ಕೆಂಪಾಗಿತ್ತು.

ಅವರು ಎದ್ದರು. ತಂತಿಯನ್ನು ನೋಡುತ್ತ ತಮ್ಮ ಬಾಗಿಲು ದಾಟಿದರು, ನಡುಮನೆ ದಾಟಿದರು, ಪಡಸಾಲೆಗೆ ಬಂದರು. ಗೋಡೆಗೂಡಿನಲ್ಲಿ ಮುಖ್ಯ ಡಬ್ಬಿ ಸಕಲ ದೀಪಗಳೊಡನೆ ಬೆಳಗುತ್ತಿತ್ತು. ಅದರ ಕೆಳಗೆ, ಮಣೆಯ ಮೇಲೆ, ಒಂದು ಹಿತ್ತಾಳೆ ತಟ್ಟೆಯಲ್ಲಿ, ಅವರ ತಂತಿಯ ತುದಿ ಅಚ್ಚುಕಟ್ಟಾಗಿ ಮಲಗಿತ್ತು.

“ಅಕ್ಕ, ಇದನ್ನ ಯಾರು ಕಿತ್ತಿದ್ದು?” ಎಂದು ಕಮಲಾಕ್ಷಮ್ಮನವರನ್ನು ಕೇಳಿದರು.

“ಅವ್ರೇ ಕಣಮ್ಮ. ದಿನಾ ಕೀಳ್ತಾರೆ. ಸ್ನಾನಕ್ಕೆ ಹೋಗೋಕ್ ಮುಂಚೆ ಕಿತ್ತು ಆ ತಟ್ಟೇಲಿ ಇಡ್ತಾರೆ, ಪೂಜೆ ಆದ್ಮೇಲೆ ಚುಚ್ತಾರೆ. ನಾನೇನೋ ಅದೂ ಪೂಜೆಗೇ ಸೇರಿದ್ದು ಅಂದ್ಕಂಡಿದ್ದೆ. ನಿಂಗೇನಾದ್ರೂ ತೊಂದ್ರೆ ಆಯ್ತಾ?”

ನಾಗಲಿಂಗಯ್ಯನವರು ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ ಹೊರಬರುವವರೆಗೆ ಸರ್ವಮಂಗಳಮ್ಮನವರು ಕಂಬದ ಪಕ್ಕ ನಿಂತೇ ಇದ್ದರು. ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನೆದುರು ಕೂರುವ ವಾಡಿಕೆಯಿರಲಿಲ್ಲ. ಪ್ರಶ್ನೆ ಕೇಳುವ ವಾಡಿಕೆಯೂ ಇರಲಿಲ್ಲ. ಅದನ್ನು ಅವರು ಅಂದು ಮುರಿದರು.

“ಯಾಕೆ ಕಿತ್ರಿ ಭಾವ?”

“ಕಾನೂನಿನ ಪ್ರಕಾರ,” ಎಂದರು ನಾಗಲಿಂಗಯ್ಯನವರು, ಕಿಂಚಿತ್ತೂ ವಿಚಲಿತರಾಗದೆ. “ನೋಡಮ್ಮ ಸರ್ವಮಂಗಳಾ, ಪರರ ಸ್ವತ್ತಿನಲ್ಲಿ ಇಪ್ಪತ್ತು ವರ್ಷ ಬಹಿರಂಗವಾಗಿ, ಶಾಂತವಾಗಿ, ಅಡ್ಡಿಯಿಲ್ಲದೆ ಏನನ್ನು ಬಳಸಿದರೂ ಅದು ಹಕ್ಕಾಗುತ್ತದೆ. ಈಸ್‌ಮೆಂಟ್ ಎನ್ನುತ್ತಾರೆ. ಇವತ್ತು ನನ್ನ ಪಡಸಾಲೆಯಲ್ಲಿ ನಿನ್ನ ತಂತಿ. ನಾಳೆ ಅದರ ಹಿಂದೆ ನಲ್ಲಿ ಪೈಪು. ನಾಡಿದ್ದು ಓಡಾಡುವ ದಾರಿ. ಆಮೇಲೆ ನನ್ನ ಮೊಮ್ಮಕ್ಕಳು ಕೋರ್ಟಿಗೆ ಅಲೆಯಬೇಕೇ? ಆದ್ದರಿಂದ ದಿನಕ್ಕೊಮ್ಮೆ ಅಡ್ಡಿ ಮಾಡುತ್ತೇನೆ. ಅಡ್ಡಿಯಾದರೆ ಹಕ್ಕು ಹುಟ್ಟುವುದಿಲ್ಲ. ಬೇರೆ ದ್ವೇಷವೇನೂ ಇಲ್ಲ.”

“ಇಪ್ಪತ್ತು ವರ್ಷಕ್ಕೆ ನಂಗೆ ಎಂಬತ್ಮೂರು ಭಾವ. ನಿಮಗೆ ತೊಂಬತ್ತನಾಲ್ಕು.”

“ಕಾನೂನು ವಯಸ್ಸನ್ನು ಪರಿಗಣಿಸುವುದಿಲ್ಲ.”

“ಹೋಗ್ಲಿ, ಬೇರೆ ಹೊತ್ನಲ್ಲಿ ಕೀಳಿ. ಮಧ್ಯಾಹ್ನ ಕೀಳಿ, ಬೆಳಗ್ಗೆ ಕೀಳಿ. ಸಂಜೆ ಆ ಮಗುಗೆ…” ತಂಗಿ ಎನ್ನಲು ಹೋಗಿ ಮಗು ಎಂದಿದ್ದರು. “ಅವಳು ಬಾಯಿ ತೆಗೆಯೋದೇ ಆ ಹೊತ್ನಲ್ಲಿ.”

“ನೀನು ಕೇಳಿದ ಹೊತ್ತಿಗೆ ಬದಲಾಯಿಸಿದರೆ ನಿನ್ನ ಹಕ್ಕನ್ನು ನಾನೇ ಒಪ್ಪಿಕೊಂಡಂತೆ ಆಗುತ್ತದೆ. ಅದು ಸಾಧ್ಯವಿಲ್ಲ.”

“ನೀವೇ ಎಳೀರಿ ಅಂತ ಒಪ್ಪಿದ್ದಲ್ವಾ?” ಎಂದು ಕಮಲಾಕ್ಷಮ್ಮನವರು ಕೇಳಿದರು. “ಒಪ್ಪಿ ಕೊಟ್ಮೇಲೆ ಹಕ್ಕೆಲ್ಲಿಂದ ಬತ್ತದೆ?”

“ನಿನಗೆ ಇದೆಲ್ಲ ತಿಳಿಯುವುದಿಲ್ಲ.”

ಸತ್ಯದ ದೃಷ್ಟಿಯಿಂದ ಇಲ್ಲಿ ಎರಡು ಸಂಗತಿಗಳನ್ನು ಸ್ಪಷ್ಟಪಡಿಸಬೇಕು. ಮಾಲೀಕರ ಅನುಮತಿಯಿಂದ ಬಳಸಿದ್ದು ಎಷ್ಟು ವರ್ಷ ಕಳೆದರೂ ಅಂಥ ಹಕ್ಕಾಗುವುದಿಲ್ಲ. ಈ ವಿಷಯದಲ್ಲಿ ಕಾನೂನು ಅಡುಗೆಮನೆಯ ಪಕ್ಷದಲ್ಲಿದೆ. ಎರಡನೆಯದಾಗಿ, ಎದುರು ಪಕ್ಷದವರು ತಿಳಿದೂ ಒಂದು ವರ್ಷ ಸಹಿಸಿಕೊಂಡ ಅಡ್ಡಿ ಮಾತ್ರ ಕಾನೂನಿನ ಕಣ್ಣಿನಲ್ಲಿ ಅಡ್ಡಿ. ಸ್ನಾನಕ್ಕೂ ಪೂಜೆಗೂ ನಡುವೆ ಹಿತ್ತಾಳೆ ತಟ್ಟೆಯಲ್ಲಿ ಮಾಡಿದ್ದು ಅಲ್ಲ. ಅಂದರೆ ನಾಗಲಿಂಗಯ್ಯನವರು ಹುಟ್ಟಲಾರದ ಹಕ್ಕೊಂದನ್ನು ಸಲ್ಲದ ವಿಧಾನದಿಂದ ಪ್ರತಿನಿತ್ಯ ಕೊಲ್ಲುತ್ತಿದ್ದರು. ಒಂದು ಜೀವಮಾನವಿಡೀ ನ್ಯಾಯಾಲಯದ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸಿದವರಿಗೆ ಕಾನೂನಿನ ವಾಸನೆ ಹತ್ತುತ್ತದೆ. ರುಚಿ ಹತ್ತಬೇಕೆಂಬ ನಿಯಮವೇನಿಲ್ಲ.

ಸರ್ವಮಂಗಳಮ್ಮನವರಿಗೆ ಈ ಸೂಕ್ಷ್ಮಗಳು ತಿಳಿದಿರಲಿಲ್ಲ. ತಂಗಿಯ ತುಟಿಗಳು ಮುಚ್ಚಿಕೊಂಡಿದ್ದವು, ಅವು ಮತ್ತೆ ತೆರೆಯಬೇಕು ಎಂಬುದಷ್ಟೇ ತಿಳಿದಿತ್ತು.

ಮಾರನೆಯ ಸಂಜೆ, ನಾಗಲಿಂಗಯ್ಯನವರು ತಂತಿ ಕಿತ್ತು, ತಟ್ಟೆಯಲ್ಲಿಟ್ಟು ಸ್ನಾನಕ್ಕೆ ಹೋದ ಕೂಡಲೇ, ಅವರು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಪಡಸಾಲೆಗೆ ಬಂದರು. ಭಾವನವರ ಆರಾಮಕುರ್ಚಿಯ ನೇರ ಎದುರಿಗೆ ಅದನ್ನು ಹಾಕಿ ಕುಳಿತರು. ಮುಖ್ಯ ಡಬ್ಬಿ ತಲೆಯ ಮೇಲೆಯೇ ಇತ್ತು. ಪಾವಗಡ ಎಂದೂ ಇಲ್ಲದಷ್ಟು ನಿಚ್ಚಳವಾಗಿ ಕಂಡಿತು.

ಆ ಹೊತ್ತಿಗೆ ನಾಗಲಿಂಗಯ್ಯನವರ ಇಬ್ಬರು ಮಿತ್ರರು, ಒಬ್ಬರು ಕಂದಾಯ ಇಲಾಖೆಯಿಂದ, ಇನ್ನೊಬ್ಬರು ಅರಣ್ಯ ಇಲಾಖೆಯಿಂದ ನಿವೃತ್ತರಾದವರು, ದೇಶದ ಸ್ಥಿತಿಗತಿಯನ್ನು ಸರಿಪಡಿಸಲು, ಹಿಂದಿನ ಸಂಜೆಯೊಂದನ್ನು ಬಿಟ್ಟರೆ, ದಿನವೂ ಬರುತ್ತಿದ್ದರು. ಬಂದವರು ಪಡಸಾಲೆಯಲ್ಲಿ ಒಂದನೆಯ ತರಗತಿ ನಡೆಯುತ್ತಿರುವುದನ್ನು ಕಂಡು ಬಾಗಿಲಲ್ಲಿಯೇ ನಿಂತರು.

“ಬನ್ನಿ, ಕೂತ್ಕಳಿ,” ಎಂದರು ಸರ್ವಮಂಗಳಮ್ಮನವರು, ತಡವಾಗಿ ಬಂದ ಹುಡುಗರಿಗೆ ಹೇಳುವ ದನಿಯಲ್ಲಿ. ಅವರು ಕುಳಿತರು. “ಈಶ್ವರೀ, ನನ್ನ ಕಡೆ ನೋಡು. ಬಾಯಿ ತೆಗಿ. ಆ…”

ಈಶ್ವರಮ್ಮ ಮುಖ ತಿರುಗಿಸಿದಳು.

“ಆ…” ಎಂದು ಸರ್ವಮಂಗಳಮ್ಮನವರು ಇನ್ನೂ ಅಗಲವಾಗಿ ಬಾಯಿ ತೆರೆದರು. ಕಂದಾಯದವರ ಬಾಯಿಯೂ ತಂತಾನೇ ತೆರೆದುಕೊಂಡಿತು. “ಆ…” ಎಂದರು ಅವರು. ಹಲ್ಲಿನ ಸೆಟ್ಟು ಸ್ವಲ್ಪ ಕೆಳಗಿಳಿಯಿತು.

ಪಾವಗಡದಲ್ಲಿ ಒಂದು ಸದ್ದು ಕೇಳಿಸಿತು. ಲಕ್ವ ಹೊಡೆದ ಮೇಲೆ ಈಶ್ವರಮ್ಮ ನಕ್ಕದ್ದು ಅದೇ ಮೊದಲು.

“ಅಯ್ಯಯ್ಯೋ ದೊಡ್ಡತ್ತೆ, ಎವರು ಈ ತಾತನೋರು?” ಎಂದು ಲೋಹಿತಾ ಮೊಬೈಲನ್ನು ಹತ್ತಿರಕ್ಕೆ ಹಿಡಿದಳು. “ಇನ್ನೊಂದ್ಸಲ ಅನ್ನಿಸಿ, ಅತ್ತಮ್ಮ ನೋಡ್ತಾ ಐತೆ!”

ನಾಗಲಿಂಗಯ್ಯನವರು ಪೂಜೆ ಮುಗಿಸಿ ಬಂದಾಗ, ಕಂದಾಯ ಮತ್ತು ಅರಣ್ಯ ಇಲಾಖೆಗಳು ಒಟ್ಟಾಗಿ ‘ಈ’ ಹೇಳುತ್ತಿದ್ದವು. ಅವರು ಆರಾಮಕುರ್ಚಿಯಲ್ಲಿ ಕುಳಿತು, ಗಂಟಲು ಸರಿಪಡಿಸಿಕೊಂಡು, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಮಿತ್ರರೆದುರಿಗೆ ತಮ್ಮನ ಹೆಂಡತಿಯನ್ನು ಏಳು ಎನ್ನುವಂತಿರಲಿಲ್ಲ. ಅಂಥ ಮಾತನ್ನು ದೊಡ್ಡಮನೆಯವರು ಮಿತ್ರರಿಲ್ಲದಾಗ ಮಾತ್ರ ಆಡುತ್ತಾರೆ.

ಸರ್ವಮಂಗಳಮ್ಮನವರು ಮರುದಿನವೂ ಬಂದರು. ಅದರ ಮರುದಿನವೂ ಬಂದರು. ದೇಶದ ಸ್ಥಿತಿಗತಿ ಹಿಂದೆ ಬಿದ್ದಿತು. ಅರಣ್ಯದವರು ಬೇಗ ಬಂದು ಮುಂದಿನ ಸ್ಥಾನ ಹಿಡಿಯತೊಡಗಿದರು. ಅವರಿಗೆ ಉಚ್ಚಾರಣೆಯ ಬಗ್ಗೆ ಸ್ವಂತ ಅಭಿಪ್ರಾಯಗಳಿದ್ದವು. ಒಂದು ಸಂಜೆ ಅವರು, ‘ಮ’ಕಾರದಲ್ಲಿ ಮೂಗಿನ ಪಾತ್ರವೇನು ಎಂಬುದನ್ನು ಈಶ್ವರಮ್ಮನಿಗೆ ವಿವರಿಸಲು ಆರಂಭಿಸಿದರು. ವಿವರಣೆ ಮುಗಿಯುವ ಲಕ್ಷಣ ಕಾಣಲಿಲ್ಲ. ಈಶ್ವರಮ್ಮ ಅವರನ್ನೇ ನೋಡಿದಳು, ಕಣ್ಣು ಕಿರಿದು ಮಾಡಿದಳು, ತುಟಿ ಓರೆಯಾಯಿತು.

“ಸಾಕು,” ಎಂದಳು.

ಮಾತು ತೊದಲಿರಲಿಲ್ಲ; ಸ್ಫುಟವಾಗಿತ್ತು, ಸ್ವಲ್ಪ ಸಿಟ್ಟಿನಿಂದಲೂ ಕೂಡಿತ್ತು. ಲೋಹಿತಾ ಮೊಬೈಲ್ ಹಿಡಿದೇ ದಡಕ್ಕನೆ ಎದ್ದದ್ದರಿಂದ ಪಾವಗಡದ ಮನೆಯ ತೊಲೆ, ಫ್ಯಾನು, ಕ್ಯಾಲೆಂಡರು ಒಂದಾದ ಮೇಲೊಂದು ಕಾಣಿಸಿದವು. ನಾಗಲಿಂಗಯ್ಯನವರ ಪತ್ರಿಕೆ ಕೆಳಗಿಳಿಯಿತು. ಸರ್ವಮಂಗಳಮ್ಮನವರು ಸೆರಗಿನಿಂದ ಮೂಗು ಒರೆಸಿಕೊಂಡು, “ಯಾರಿಗೆ ಸಾಕು? ಇನ್ನೊಂದ್ಸಲ ಹೇಳು,” ಎಂದರು. ಅವಳು ಹೇಳಲಿಲ್ಲ. ಹಟಮಾರಿ.

ಮಿತ್ರರು ಹೋದ ಮೇಲೆ ನಾಗಲಿಂಗಯ್ಯನವರು ಕೇಳಿದರು: “ಇದು ಇನ್ನೆಷ್ಟು ದಿನ ಇಲ್ಲಿ?”

“ಯಾಕೆ ಭಾವ? ಚೆನ್ನಾಗೇ ನಡೀತೈತಲ್ಲ,” ಎಂದರು ಸರ್ವಮಂಗಳಮ್ಮನವರು, ಏಳದೆಯೇ. “ಆದ್ರೆ ನಂಗೊಂದು ಅನುಮಾನ. ತಂತೀನ ನಿಮ್ಮನ್ನ ಕೇಳಿ ಎಳೆಸ್ದೆ. ಕುರ್ಚೀನ ಯಾರನ್ನೂ ಕೇಳ್ದೆ ಹಾಕಿದೀನಿ. ನಾಲ್ಕು ಜನದ ಮುಂದೆ ಬಹಿರಂಗವಾಗಿ ಕೂತಿದೀನಿ. ಜಗಳ ಗಿಗಳ ಏನಿಲ್ಲ, ಶಾಂತವಾಗೇ ಐತೆ. ದಿನಾ ಬರ್ತೀನಿ, ಒಂದಿನಾನೂ ಅಡ್ಡಿ ಇಲ್ಲ. ಇಪ್ಪತ್ತು ವರ್ಷ ಇಂಗೇ ಕೂತ್ರೆ ಈ ಜಾಗ ಯಾರದಾಗ್ತೈತೆ?”

ನಾಗಲಿಂಗಯ್ಯನವರು ಆ ಪ್ಲಾಸ್ಟಿಕ್ ಕುರ್ಚಿಯನ್ನು ನೋಡಿದರು. ಅದರ ನಾಲ್ಕು ಕಾಲುಗಳು ತಮ್ಮ ಪಡಸಾಲೆಯಲ್ಲಿ ಎಷ್ಟು ಜಾಗವನ್ನು ಆಕ್ರಮಿಸಿವೆ ಎಂಬುದನ್ನು ಅವರು ಮನಸ್ಸಿನಲ್ಲಿಯೇ ಅಳೆಯುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಕಮಲಾಕ್ಷಮ್ಮನವರು ಒಗ್ಗರಣೆಯ ಸದ್ದನ್ನು ಕಡಿಮೆ ಮಾಡಿ ಕಿವಿಗೊಟ್ಟರು.

“ಆಲೋಚಿಸಬೇಕಾದ ವಿಷಯ,” ಎಂದರು ಅವರು ಕೊನೆಗೆ.

ಈ ಸಲ ಕಾಲಾವಕಾಶ ಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡ ಮೇಲೆ, ನಾಗಲಿಂಗಯ್ಯನವರು ತಂತಿಯ ತುದಿಯನ್ನು ವಿಧಿವತ್ತಾಗಿ ಕಿತ್ತು ಹಿತ್ತಾಳೆ ತಟ್ಟೆಯಲ್ಲಿಟ್ಟರು. ಒಂದು ನಿದ್ದೆ ತೆಗೆದು ಎದ್ದು ಮತ್ತೆ ಸಿಕ್ಕಿಸಿದರು. ಇನ್ನು ಮುಂದೆ ಅಡ್ಡಿಯ ಹೊತ್ತು ಇದೇ ಎಂದೂ, ಈ ಬದಲಾವಣೆಯನ್ನು ತಾವು ಸ್ವಂತ ಇಚ್ಛೆಯಿಂದ, ಯಾರ ಕೋರಿಕೆಗೂ ಒಳಪಡದೆ, ಯಾವ ಹಕ್ಕನ್ನೂ ಒಪ್ಪಿಕೊಳ್ಳದೆ ಮಾಡಿರುವುದಾಗಿಯೂ ನಡುಮನೆಯ ಬಾಗಿಲವರೆಗೆ ಬಂದು ಘೋಷಿಸಿದರು. ಈಶ್ವರಮ್ಮನ ಮೊದಲ ಮಾತು ಹೊರಟದ್ದು ತಮ್ಮ ಪಾಲಿನ ಪಡಸಾಲೆಯಲ್ಲಿ ಎಂಬುದನ್ನು ಯಾರೂ ಮರೆಯಬಾರದೆಂದೂ ಸೇರಿಸಿದರು. ಮೂಟೆಯ ಮೇಲೆ ಕುಳಿತಿದ್ದ ರೇಣುಕಯ್ಯನವರು, “ಆಯ್ತು ಬುಡಣ್ಣ, ಇಲಿಗೂ ಹೇಳ್ತೀನಿ,” ಎಂದರು.

ಅಂದು ಸಂಜೆ ಸರ್ವಮಂಗಳಮ್ಮನವರು ತಮ್ಮ ಕೋಣೆಯಲ್ಲಿ ಚಾಪೆ ಹಾಸಿ, ನೋಯುವ ಮಂಡಿಯ ಕೆಳಗೆ ದಿಂಬಿಟ್ಟು ಕರೆ ಮಾಡಿದರು. ಚಿತ್ರ ಬಂದಿತು, ಎಲ್ಲಿಯೂ ಕಡಿಯಲಿಲ್ಲ. ಹೊರಗೆ ಯಾರ ಕೆಮ್ಮೂ ಇಲ್ಲ, ಪತ್ರಿಕೆಯ ಸದ್ದೂ ಇಲ್ಲ. ಈಶ್ವರಮ್ಮ ಅಕ್ಕನನ್ನು ನೋಡಿದಳು. ಅಕ್ಕನ ಭುಜದ ಆಚೆ ನೋಡಿದಳು. ಈಚೆ ನೋಡಿದಳು. ಖಾಲಿ ಗೋಡೆಯನ್ನು ಕಂಡು ಮುಖ ಗಂಟು ಹಾಕಿಕೊಂಡಳು.

“ತಾ…” ಎಂದಳು. “ತಾ… ತ?”

“ತಾತನೋರು ಎಲ್ಲಿ ಅಂತ ಕೇಳ್ತಾ ಐತೆ ದೊಡ್ಡತ್ತೆ!” ಎಂದು ಲೋಹಿತಾ ಕೂಗಿದಳು.

ಸರ್ವಮಂಗಳಮ್ಮನವರು ಒಮ್ಮೆ ತಿರುಗಿ ಆ ಖಾಲಿ ಗೋಡೆಯನ್ನು ನೋಡಿದರು. ಮೆಶ್ ತಂದು, ತಂತಿ ಎಳೆಸಿ, ವಾಡಿಕೆ ಮುರಿದು ಅವರು ಗಳಿಸಿದ್ದು ಈ ನಿಶ್ಶಬ್ದವಾದ ಕೋಣೆಯನ್ನು.

“ಅವರೆಲ್ಲ ದೇಶ ಸರಿ ಮಾಡಕ್ಕೆ ಹೋಗವ್ರೆ,” ಎಂದರು. “ನೀನು ಬಾಯಿ ತೆಗಿ.”